ಮುನ್ನೂರು ಹೆಜ್ಜೆ ದೂರದ ಹಾಲುಪುಡಿ ಡಬ್ಬಿ

ಎಂಬತ್ತರ ದಶಕ. ಒಮಾನಿನ ಇಬ್ರಾದಲ್ಲಿದ್ದ ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಧಣಿಗೆ, ಆಫ್ರಿಕಾದಲ್ಲಿ ದೊಡ್ಡ ಬೇಟೆಯಾಡುವ ಹುಚ್ಚು ಹಿಡಿಯಿತು. ಕೋವಿಯ ಇಂಗ್ಲಿಷ್ ಕ್ಯಾಟಲಾಗ್ ಓದಿ ಹೇಳುವ ಕೆಲಸ, ಜನ್ಮದಲ್ಲಿ ಕೋವಿ ಮುಟ್ಟದ ನನ್ನದು. ಎರಡೇ ವಾರದಲ್ಲಿ ನಾನೂ ಪಂಡಿತ! "ಅರ್ಬಾಬ್, ತ್ರೀ ಸೆವೆಂಟಿಫೈವ್ ಕೋವಿ ತಗೊಳ್ಳಿ. ಮುನ್ನೂರು ಮೀಟರಿಗೂ ಕೆಡವುತ್ತದೆ" ಎಂದೆ.

ಧಣಿ ಅಂಥದ್ದೇ ಒಂದನ್ನು ಗೆಳೆಯನಿಂದ ತಂದರು. ಅವರ ಮುದಿ ಚಿಕ್ಕಪ್ಪ ನೂರು ಹೆಜ್ಜೆ ದೂರದಲ್ಲಿ ಹಾಲುಪುಡಿ ಡಬ್ಬಿ ಇಡಿಸಿದರು. ಧಣಿ ಗುರಿಯಿಟ್ಟರು. ಢಂ! ಡಬ್ಬಿ ಹಾರಿತು, ಸದ್ದಿಗೆ ನಾನೂ ಹಾರಿದೆ. ಇನ್ನೂರಕ್ಕೂ ಹಾರಿತು. ಮುನ್ನೂರಕ್ಕೆ ಐದು ಗುಂಡು ಹೋದರೂ ಡಬ್ಬಿ ಅಲ್ಲಾಡಲಿಲ್ಲ.

"ಇದಕ್ಕಿಂತ ದೊಡ್ಡದು ಇದೆಯಾ?" ಧಣಿ ಭುಜ ತಿಕ್ಕಿಕೊಳ್ಳುತ್ತ ಕೇಳಿದರು. ನಾನು ಉಮೇದಿನಿಂದ ಪುಟ ತಿರುವಿದೆ. ಚಿಕ್ಕಪ್ಪ ತಮ್ಮ ಖಾಲಿ ಕಾಫಿ ಬಟ್ಟಲನ್ನು ಅಲ್ಲಾಡಿಸಿ ತೋರಿಸಿದರು. ಅಲ್ಲಿ ಹಾಗೆ ಅಲ್ಲಾಡಿಸಿದರೆ 'ಸಾಕು, ಇನ್ನು ಸುರಿಯಬೇಡ' ಎಂದರ್ಥ.

ಕ್ಯಾಟಲಾಗಿನಲ್ಲಿ ಎಲ್ಲ ಕೋವಿಗಳ ಮಿತಿಯೂ ಇತ್ತು. ಕೋವಿ ಹಿಡಿದ ನಮ್ಮ ಧಣಿಯದು ಮಾತ್ರ ಅಚ್ಚಾಗಿರಲಿಲ್ಲ.