ಕಮಲಾಪುರದ ಸಪಾಟು ಗೋರಿ

ಕಮಲಾಪುರದ ಖಬರಸ್ತಾನದಲ್ಲಿ ಅಜ್ಜನ ಗೋರಿ ಇದೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸಿರಲಿಲ್ಲ. ಎರಡನೇ ಮಹಾಯುದ್ಧದಿಂದ ಜ್ವರ ಹೊತ್ತು ಬಂದ ಅಜ್ಜ ಊರಲ್ಲೇ ತೀರಿಕೊಂಡನೆಂದು ಅಜ್ಜಿ ಹೇಳಿದ್ದಳು. ಆಗಿನ್ನೂ ಕೂಸಾಗಿದ್ದ ಫುಪ್ಪು, ಅಂದರೆ ನನ್ನ ಸೋದರತ್ತೆ, ವರ್ಷಕ್ಕೊಮ್ಮೆ ಕಲಬುರಗಿಯಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದಳು. ನಮ್ಮಲ್ಲಿ ಹೆಂಗಸರು ಒಳಗೆ ಹೋಗುವುದಿಲ್ಲ. ಗೋಡೆಯ ಹೊರಗೆ ನಿಂತು ಫಾತಿಹಾ ಓದಿ, ಆಮೇಲೆ ಮನೆಯ ಸುದ್ದಿಯನ್ನೆಲ್ಲ ಆ ಕಡೆಗೆ ಹೇಳುವಳು. ಒಳಗೆ ಹೋಗಿ ಹೂ ಹಾಕುವವನು ನಾನು. ಎಂಬತ್ತರ ದಶಕದ ಆ ಭೇಟಿಗಳೆಲ್ಲ ಕಲಸಿ ಒಂದೇ ದಿನವಾಗಿಬಿಟ್ಟಿವೆ. ಯಾವ ಸುದ್ದಿ ಯಾವ ವರ್ಷದ್ದೋ ಹೇಳಲಾರೆ.

ತನ್ನನ್ನೂ ಅಪ್ಪನ ಮಗ್ಗುಲಲ್ಲೇ ಮಣ್ಣು ಮಾಡಬೇಕೆಂದು ಫುಪ್ಪು ಹೇಳಿಟ್ಟಿದ್ದಳು. ವಯಸ್ಸಾದಂತೆ, ಆ ಕಲ್ಲಿಗೆ ಅಪ್ಪನ ಹೆಸರು ಕೆತ್ತಿಸುವ ಆಸೆಯೂ ಹುಟ್ಟಿತು. ಎರಡು ಸಾವಿರದ ಇಸವಿ ದಾಟಿತ್ತು. ಹೆಸರಿನ ಕೆಳಗೆ ಬರೆಸಲು ಅವನ ಪಲ್ಟನ್ ಯಾವುದೆಂದು ತಿಳಿಯಬೇಕಿತ್ತು; ಸ್ಟೇಶನ್ ಬಜಾರದ ಸೈಬರ್ ಕೆಫೆಯಲ್ಲಿ ಕುಳಿತು ಸೈನ್ಯದ ಹಳೆಯ ದಾಖಲೆಗಳನ್ನು ಹುಡುಕಿದೆ. ಅಜ್ಜ ಸಿಕ್ಕ. ಅವನ ತಂದೆಯ ಹೆಸರು, ಹೆಂಡತಿಯ ಹೆಸರು, ಕಮಲಾಪುರ, ಎಲ್ಲ ಸರಿ. ಸಮಾಧಿ ಮಾತ್ರ ಇರಾಕಿನಲ್ಲಿತ್ತು.

ಪರದೆಯನ್ನು ನಂಬದೆ ಕಮಲಾಪುರಕ್ಕೆ ಹೋದೆ. ಮಳೆ ಬಂದು ನಿಂತಿತ್ತು ಎಂದು ಬರೆಯಹೊರಟೆ, ಬಂದಿತ್ತೋ ಇಲ್ಲವೋ. ನಾನು ಹೂ ಹಾಕುತ್ತಿದ್ದ ಕಾಲದಿಂದಲೂ ಗೋರಿ ಅರ್ಧ ಹೂತುಹೋಗಿತ್ತು. ಮೇಲಿನ ಮಣ್ಣು ಕೆರೆದೆ. ನಮ್ಮ ಕಡೆ ಗಂಡಸಿನ ಗೋರಿಯ ಮೇಲೆ ಲೇಖನಿಪೆಟ್ಟಿಗೆಯಂಥ ಉಬ್ಬು ಇರುತ್ತದೆ. ಹೆಂಗಸಿನದು ಹಲಗೆಯಂತೆ ಸಪಾಟು. ಇದು ಸಪಾಟಾಗಿತ್ತು. ಅಪ್ಪ ಎಲ್ಲಿ ಎಂದು ಅಳುವ ಮಗಳಿಗೆ ಅಜ್ಜಿ ಗೋಡೆಯ ಹೊರಗಿನಿಂದ ಯಾವುದೋ ಕಲ್ಲು ತೋರಿಸಿರಬೇಕು. ಇದೂ ನನ್ನ ಊಹೆಯೇ.

ಫುಪ್ಪು ಮೆಂತೆಸೊಪ್ಪು ಬಿಡಿಸುತ್ತಿದ್ದಳು. ಇರಾಕಿನದನ್ನೂ ಸಪಾಟು ಕಲ್ಲಿನದನ್ನೂ ಹೇಳಿದೆ. ಮನೆಯಲ್ಲಿ ಉರ್ದು ಆಡುವ ಆಕೆಗೆ ಸಿಟ್ಟು ಬಂದರೆ ಕನ್ನಡವೇ ಬೇಕು.

“ಅಂದ್ರ ಇಷ್ಟು ವರ್ಷ ನಾ ಯಾರಿಗಿ ಸಲಾಂ ಹೇಳಿ ಬಂದೆ?”

“ಗೊತ್ತಿಲ್ಲ, ಫುಪ್ಪು.”

“ಇರಾಕ್ ತನಾ ಹುಡುಕ್ದಿ, ಕಮಲಾಪುರದಾಗ ಗೊತ್ತಿಲ್ಲಂತಿ. ಶಾಣ್ಯಾ!”

ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದಳು. “ಅಲ್ಲಿ ಅಬ್ಬಾನ ಬಾಜೂಕ ಯಾರರ ಅದಾರೇನು?”

“ಸಾಲು ಸಾಲು ಸಿಪಾಯಿಗಳು.”

“ಹಂಗಾರ ಅಬ್ಬಾ ಒಬ್ಬಂಟಿ ಅಲ್ಲ.”

ಕಲ್ಲಿಗೆ ಹೆಸರು ಕೆತ್ತಿಸುವುದೋ ಬೇಡವೋ ಎಂದೆ.

“ಬ್ಯಾಡ. ಮಂದಿ ಬಾಗಲಿಗಿ ನಮ್ಮ ಹೆಸರ್ ಹಚ್ಚಬಾರದು.”

ಆಕೆಯನ್ನು ಎಲ್ಲಿ ಮಣ್ಣು ಮಾಡುವುದೆಂದು ನಾನು ಕೇಳಲಿಲ್ಲ. ಆಕೆಯೇ ಕೇಳಿಸಿಕೊಂಡವಳಂತೆ ಹೇಳಿದಳು:

“ನನ್ನ ಜಾಗಾ ಅಲ್ಲೇ ಇರಲಿ, ಬೇಟಾ. ಸೊಸಿ ಚಾಡಿ ಎಲ್ಲಾ ಆ ಗೋರಿಯಾಗಿನಾಕಿ ಮುಂದ ಹೇಳೀನಿ. ನಾ ಬ್ಯಾರೆ ಕಡಿ ಮಲಗಿದ್ರ, ಆಕಿ ಯಾರ ಮುಂದರ ಬಾಯಿ ಬಿಟ್ಟಾಳು.”