ಒದ್ದೆ ಕಾಲಿನ ಕೊತ್ತಂಬರಿ

ಲಿಂಗಂಪಲ್ಲಿಯ ಬಾಡಿಗೆ ಮನೆಯ ಹಿತ್ತಲಿನಲ್ಲಿ ನಾನು ಮೊದಲ ಸಲ ಬಿತ್ತಿದ ಕೊತ್ತಂಬರಿ ಮೂರು ವಾರವಾದರೂ ಮೊಳೆಯಲಿಲ್ಲ. ಗಚ್ಚಿಬೌಲಿಯ ಆಫೀಸಿನಲ್ಲಿ ಇನ್ನೊಬ್ಬರ ಪ್ರೋಗ್ರಾಮಿನ ತಪ್ಪು ಹುಡುಕುವುದೇ ನನ್ನ ಕೆಲಸ. ಇಲ್ಲಿ ನನ್ನ ತಪ್ಪೇ ನನಗೆ ಸಿಗಲಿಲ್ಲ.

ವಿಜಾಪುರದಿಂದ ಬಂದ ಅತ್ತೆ ನಕ್ಕರು. "ಇಡೀ ಕಾಳು ಹಾಕಿದ್ರ ಹ್ಯಾಂಗ ಹುಟ್ಟತಾವ? ತಿಕ್ಕಿ ಎರಡು ಹೋಳು ಮಾಡಬೇಕವ್ವ."

ಅವರು ಹಿತ್ತಲ ಕಲ್ಲಿನ ಮೇಲೆ ಕಾಳು ಹರಡಿ ಚಪ್ಪಲಿಯಿಂದ ತಿಕ್ಕತೊಡಗಿದರು. ಆಗಷ್ಟೇ ನಡೆಯಲು ಕಲಿತಿದ್ದ ಮಗಳು ನಲ್ಲಿಯಡಿ ನೆನೆದ ಕಾಲಿನಲ್ಲಿ ಅದನ್ನೇ ತುಳಿದು, ಅಂಗಾಲಿಗೆ ಕಾಳು ಮೆತ್ತಿಸಿಕೊಂಡು ಹಿತ್ತಲ ತುಂಬ ತಿರುಗಿದಳು. ನಾನು ಗದರಿದೆ.

ಎರಡು ವಾರದಲ್ಲಿ ಪಾತಿ ಹಸಿರಾಯಿತು. ಪಾತಿಯಾಚೆ ಬರಿ ಮಣ್ಣಿನಲ್ಲೂ ಅಲ್ಲೊಂದು ಇಲ್ಲೊಂದು ಮೊಳಕೆ, ನಲ್ಲಿಯಿಂದ ಬಾಗಿಲವರೆಗೆ, ಪುಟ್ಟ ಹೆಜ್ಜೆಗಳ ಅಂತರದಲ್ಲಿ. ನಾನು ಚಪ್ಪಲಿ ಕಳಚಿದೆ. ಎಲ್ಲಿ ಕಾಲಿಡಬೇಕೋ ತಿಳಿಯದೆ ಹೊಸ್ತಿಲಲ್ಲೇ ನಿಂತೆ.