ಈಖ್ ಎಂಬ ಎತ್ತು

ಗಲ್ಫಿನ ಅಲ್ ಖೌದ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ವೇಲ್ಸ್‌ನವರೊಬ್ಬರಿದ್ದರು, ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಹಿಳೆ. ನಾನು ಸೀಬ್‌ನ ಶಾಲೆಯೊಂದರಲ್ಲಿ ಸಂಸ್ಕೃತದ ಟೀಚರು. ಒಂದು ಸಂಜೆ ಚಹಾಕ್ಕೆ ಬಂದವರು ತಮ್ಮ ಅಪ್ಪನ ದನಗಳ ಫೋಟೊ ತೋರಿಸುತ್ತಾ, ತಮ್ಮ ಭಾಷೆಯಲ್ಲಿ ಎತ್ತಿಗೆ ‘ಈಖ್’ ಎಂದೂ ಎತ್ತುಗಳಿಗೆ ‘ಅಖೆನ್’ ಎಂದೂ ಹೇಳಿದರು.

ನನಗೆ ಮೈ ಜುಮ್ಮೆಂದಿತು. ಸಂಸ್ಕೃತದ ‘ಉಕ್ಷನ್’, ಇಂಗ್ಲಿಷಿನ ‘ಆಕ್ಸ್’ ಎಲ್ಲ ಒಂದೇ ಬಳಗ. ಯಾರೂ ಯಾರಿಂದಲೂ ಎರವಲು ಪಡೆದದ್ದಲ್ಲ. ಎಲ್ಲರೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು. ನಮ್ಮ ಕನ್ನಡದ ಎತ್ತು ಮಾತ್ರ ಬೇರೆ ಮನೆತನದ್ದು. ತಿಂಗಳುಗಟ್ಟಲೆ ಓದಿ, ಅವರನ್ನು ಕೇಳಿ ಕೇಳಿ, ಇಲ್ಲಿನ ನಮ್ಮ ಮಕ್ಕಳೂ ಓದಲೆಂದು ಇಂಗ್ಲಿಷಿನಲ್ಲೊಂದು ಲೇಖನ ಬರೆದೆ.

“ನಮ್ಮ ಸಂಚಿಕೆಗೆ ಕೊಡಿ ಮಾರಾಯ್ರೆ” ಎಂದು ಊರಿನವರ ಸಂಘದ ಅಧ್ಯಕ್ಷರು ಅದನ್ನು ತರಿಸಿಕೊಂಡರು. ಅಚ್ಚಾಗಿ ಬಂದಾಗ ಅದರ ಮೇಲೆ ಅವರ ಫೋಟೊ, ಅವರ ಹೆಸರು! ವೇಲ್ಸ್‌ನವರು ಆ ಶಬ್ದವನ್ನು ನಮ್ಮಿಂದಲೇ ಕದ್ದರೆಂಬ ಹೊಸ ಸಾಲು ಬೇರೆ.

ಕೇಳಿದರೆ, “ಖಲಾಸ್ ಟೀಚರೇ, ಪ್ರಿಂಟ್ ಆಗಿ ಆಯ್ತಲ್ಲ. ಎಲ್ಲ ಸಂಘದ್ದೇ ಅಲ್ವಾ?” ಎಂದು ನಕ್ಕರು. ಆ ನಗು ನನ್ನನ್ನು ಸುಡುತ್ತಲೇ ಇತ್ತು.

ಸಂಘದ ಮುಂದಿನ ಕಾರ್ಯಕ್ರಮದಲ್ಲಿ ಅವರದ್ದು ಅದೇ ವಿಷಯದ ಭಾಷಣವೆಂದು ತಿಳಿಯಿತು. ಕೆಳಗಿನ ಮನೆಯವರನ್ನು ಕರೆದೊಯ್ದು ಮೊದಲ ಸಾಲಿನಲ್ಲೇ ಕೂರಿಸಿದೆ. ಅವರಿಗೆ ಏನೂ ಹೇಳಿರಲಿಲ್ಲ.

“ವೇಲ್ಸ್‌ನವರು ಎತ್ತಿಗೆ ಯಚ್ ಅಂತಾರೆ,” ಎಂದರು ಅಧ್ಯಕ್ಷರು ಇಂಗ್ಲಿಷಿನಲ್ಲಿ, ych ಎಂಬ ಸ್ಪೆಲ್ಲಿಂಗನ್ನು ಕಂಡಂತೆ ಓದಿ, ಗಟ್ಟಿಯಾಗಿ.

ನಾನು ಎದ್ದು ನಿಂತೆ. “ಇವರು ವೇಲ್ಸ್‌ನವರೇ ಸರ್. ಆ ಶಬ್ದ ಇನ್ನೊಮ್ಮೆ ಹೇಳಿ.”

“ಯಚ್.” ಈ ಸಲ ದನಿ ಇಳಿದಿತ್ತು.

ಕೆಳಗಿನ ಮನೆಯವರು ಸಂಕೋಚದಿಂದಲೇ, “ಈಖ್,” ಎಂದು ತಿದ್ದಿದರು.

“ಹಲವು ಎತ್ತುಗಳಿದ್ದರೆ ಏನನ್ನುತ್ತಾರೆ ಸರ್?”

ಅದು ಲೇಖನದಲ್ಲೇ ಇತ್ತು. ಅಧ್ಯಕ್ಷರು ಹಾಳೆ ತಿರುವಿದರು, ಮತ್ತೆ ತಿರುವಿದರು. ಹಿಂದಿನ ಸಾಲುಗಳಲ್ಲಿ ಕಿಸಕ್ಕೆಂದ ನಗು ಮುಂದಕ್ಕೂ ಹಬ್ಬಿತು. ನಾನು ಕೂರಲಿಲ್ಲ. ಅವರು ವೇದಿಕೆಯಿಂದ ಇಳಿಯುವವರೆಗೂ ನಿಂತೇ ಇದ್ದೆ.

ಪಾರ್ಕಿಂಗಿನಲ್ಲಿ ಅಧ್ಯಕ್ಷರು ಹತ್ತಿರ ಬಂದು, “ಮೊದ್ಲೇ ಒಂದು ಮಾತು ಹೇಳ್ಬಹುದಿತ್ತಲ್ಲ ಟೀಚರೇ?” ಎಂದರು.

“ಲೇಖನ ನಿಮ್ದೇ ಅಲ್ವಾ ಸರ್? ನಿಮ್ಗೆ ಗೊತ್ತುಂಟು ಅಂದ್ಕೊಂಡೆ.”

ಮುಂದಿನ ಸಂಚಿಕೆಯಲ್ಲಿ ನನ್ನ ಹೆಸರಿನೊಡನೆ ತಿದ್ದುಪಡಿ ಬಂತು. ಅವರ ಹೆಂಡತಿ ನನ್ನೊಡನೆ ಮಾತು ಬಿಟ್ಟರು. “ಅಷ್ಟು ಮಾಡ್ಬಾರ್ದಿತ್ತು ನೀನು,” ಎಂದರು ನಮ್ಮ ಮನೆಯವರು. ನನಗೆ ಇವತ್ತಿಗೂ ಹಾಗನ್ನಿಸಿಲ್ಲ. ಆ ಹಾಳೆ ತಿರುವುತ್ತಿದ್ದ ಬೆರಳುಗಳು ನೆನಪಾದರೆ ಈಗಲೂ ಹಾಯೆನಿಸುತ್ತದೆ.